ಎಲೆ ಕಳೆದುಕೊಂಡ ಸಸಿ ಸತ್ತ ಸಸಿಯಲ್ಲ

ರೋಹಿಣಿ ಮಳೆಯ ಮೊದಲ ಹನಿ ನೆಲಕ್ಕಿಳಿದ ಸಂಜೆ ಗದಗ ಸೀಮೆಯ ಬೇವಿನ ಮರದ ಕೆಳಗೆ ನಿಂತವರಿಗೆ ಒಂದು ಸದ್ದು ಪರಿಚಿತವಾದುದು. ಹೊತ್ತು ಮುಳುಗಿ ಕತ್ತಲು ಕವಿಯುತ್ತಿದ್ದಂತೆ ತೇವಗೊಂಡ ಮಣ್ಣನ್ನು ಸೀಳಿಕೊಂಡು ಕಂದು ಬಣ್ಣದ ದುಂಬಿಗಳು ಮೇಲೇಳುತ್ತವೆ. ಗುಂಯ್‌ಗುಡುತ್ತ ಹತ್ತಿರದ ಬೇವು, ಜಾಲಿ, ಬೋರೆ ಗಿಡಗಳಿಗೆ ಮುತ್ತುತ್ತವೆ. ರಾತ್ರಿಯೆಲ್ಲ ಎಲೆ ಮೇಯ್ದು, ಬೆಳಕು ಹರಿಯುವ ಮುನ್ನ ಮತ್ತೆ ಮಣ್ಣು ಸೇರುತ್ತವೆ. ಮರುದಿನ ಮುಂಜಾನೆ ನೋಡಿದರೆ ಬದುವಿನ ದೊಡ್ಡ ಬೇವಿಗೆ ಏನೂ ಆದಂತೆ ತೋರುವುದಿಲ್ಲ. ಅದರ ಪಕ್ಕದಲ್ಲಿ ಹಿಂದಿನ ವರ್ಷ ನೆಟ್ಟ ಮೊಣಕಾಲೆತ್ತರದ ಸಸಿ ಮಾತ್ರ ಬರಿಯ ಕಡ್ಡಿಯಾಗಿ ನಿಂತಿರುತ್ತದೆ. ಶೇಂಗಾ ಹೊಲದಲ್ಲಿ ಬೇರು ಕತ್ತರಿಸುವ ಗೊಣ್ಣೆಹುಳುವಿನ ತಾಯಿಯೇ ಈ ದುಂಬಿ.

ಕಹಿಗೆ ಹೆಸರಾದ ಬೇವಿನ ಎಲೆಯನ್ನೇ ಇದು ಇಷ್ಟಪಟ್ಟು ತಿನ್ನುತ್ತದೆಂಬುದು ಸೋಜಿಗದ ಸಂಗತಿ. ಬೇವಿದ್ದಲ್ಲಿ ಯಾವ ಹುಳುವೂ ಸುಳಿಯದೆಂದು ನಂಬಿರುವವರು ಅಂಥ ರಾತ್ರಿಯೊಮ್ಮೆ ಲಾಟೀನು ಹಿಡಿದು ಬೇವಿನ ಕೊಂಬೆಯನ್ನು ನೋಡುವುದು ಒಳ್ಳೆಯದು. ಗದಗ ತಾಲ್ಲೂಕಿನ ಕಣಗಿನಹಾಳದ ಹೆಸರನ್ನು ಉಚ್ಚರಿಸುವಾಗ ಕಣಗಿಲೆಯ ಗಿಡ ನೆನಪಾಗುತ್ತದೆ. ದನಕರುಗಳಿಗೆ ಪ್ರಾಣಾಂತಿಕವಾದ ಆ ಗಿಡದ ಎಲೆಯನ್ನು ತಿಂದೇ ಬೆಳೆಯುವ ಪತಂಗದ ಮರಿಯುಂಟು, ಚಿಟ್ಟೆಯ ಮರಿಯೂ ಉಂಟು. ಒಂದಕ್ಕೆ ವಿಷವಾದುದು ಇನ್ನೊಂದಕ್ಕೆ ಊಟ. ಗಿಡ ಮತ್ತು ಕೀಟಗಳ ನಡುವಿನ ಈ ಹಗ್ಗಜಗ್ಗಾಟ ಮನುಷ್ಯ ಭೂಮಿಗೆ ಬರುವುದಕ್ಕಿಂತ ಎಷ್ಟೋ ಮೊದಲೇ ಆರಂಭವಾಗಿತ್ತು.

ಈ ವಿಷಯವನ್ನು ಈಗ ಎತ್ತಿಕೊಳ್ಳಲು ಕಾರಣವಿದೆ. ಗದಗ, ಮುಂಡರಗಿ, ಶಿರಹಟ್ಟಿ ಸೀಮೆಗಳಲ್ಲಿ ಹಬ್ಬಿರುವ ಕಪ್ಪತಗುಡ್ಡವು 2015ರಲ್ಲಿ ಸಂರಕ್ಷಣಾ ಮೀಸಲು ಪ್ರದೇಶವೆಂದು ಘೋಷಿತವಾಯಿತು. 2016ರಲ್ಲಿ ಆ ಆದೇಶವನ್ನು ಸರ್ಕಾರ ಹಿಂದೆಗೆದುಕೊಂಡಿತು. ಜನರು ಬೀದಿಗಿಳಿದ ಮೇಲೆ 2017ರಲ್ಲಿ ಅದು ಮರಳಿ ದೊರೆಯಿತು. 2019ರಲ್ಲಿ ಸುಮಾರು 244 ಚದರ ಕಿಲೋಮೀಟರು ವಿಸ್ತಾರದ ವನ್ಯಜೀವಿಧಾಮವಾಯಿತು. ಗಣಿಯವರಿಂದ ಗುಡ್ಡವನ್ನು ಉಳಿಸಿಕೊಳ್ಳುವ ಹೋರಾಟಕ್ಕೆ ಮಠಗಳು, ರೈತರು, ವಿದ್ಯಾರ್ಥಿಗಳು ಒಂದಾಗಿ ನಿಂತದ್ದು ಈ ನಾಡಿನ ಪರಿಸರ ಚಳವಳಿಯ ಗಮನಾರ್ಹ ಅಧ್ಯಾಯ. ಆದರೆ ಆದೇಶಪತ್ರದಿಂದ ಉಳಿದದ್ದು ಇಂದಿರುವ ಮರಗಳು. ನಾಳೆಯ ಮರಗಳು ಇನ್ನೂ ಮೊಣಕಾಲೆತ್ತರದಲ್ಲಿವೆ. ಗುಡ್ಡದ ಬುಡದ ಊರುಗಳಲ್ಲಿ ಶಾಲೆಯ ಮಕ್ಕಳು, ಯುವಕ ಸಂಘಗಳು ನೆಟ್ಟ ಸಸಿಗಳು ಶ್ರಾವಣ ಬರುವಷ್ಟರಲ್ಲಿ ಎಲೆಯಿಲ್ಲದೆ ನಿಂತಾಗ ಎರಡು ಮಾತು ಕೇಳಿಬರುತ್ತವೆ: ಒಂದು, ಸಸಿ ಸತ್ತಿತು, ಕಿತ್ತು ಬೇರೆ ಹಚ್ಚಬೇಕು, ಇನ್ನೊಂದು, ಅಂಗಡಿಯಿಂದ ಎಣ್ಣೆ ತಂದು ಹೊಡೆಯಬೇಕು. ಎರಡೂ ಅವಸರದ ತೀರ್ಮಾನಗಳು. ಎರಡನೆಯದು ಅಪಾಯಕರವೂ ಹೌದು.

ಎಲೆಯೆಂದರೆ ಗಿಡದ ಅಡುಗೆಮನೆ. ಸಾವಿರಾರು ಎಲೆಗಳ ಮರವೊಂದು ನೂರಿನ್ನೂರು ಎಲೆ ಕಳೆದುಕೊಂಡರೆ ಅದರ ಸಂಸಾರಕ್ಕೆ ಕೊರತೆಯೇನೂ ಆಗದು. ಆರೇ ಎಲೆಗಳಿರುವ ಸಸಿ ನಾಲ್ಕನ್ನು ಕಳೆದುಕೊಂಡರೆ ಲೆಕ್ಕ ಬೇರೆ. ಆದರೂ ಸಸಿಯ ಬದುಕು ಎಲೆಯೊಂದನ್ನೇ ನೆಚ್ಚಿಕೊಂಡಿಲ್ಲ. ಬೇರಿನಲ್ಲಿ, ಕಾಂಡದ ಬುಡದಲ್ಲಿ ಅದು ಕೂಡಿಟ್ಟ ಗಂಜಿಯಂಶ ಇರುತ್ತದೆ. ಎಲೆ ಹೋದಾಗ ಆ ಗಂಟನ್ನು ಬಿಚ್ಚಿ ಹೊಸ ಚಿಗುರು ಹೊರಡಿಸುತ್ತದೆ. ಒಮ್ಮೆ ಬಿಚ್ಚಬಹುದು, ಎರಡನೆಯ ಸಲವೂ ಬಿಚ್ಚಬಹುದು. ಒಂದೇ ಮಳೆಗಾಲದಲ್ಲಿ ಮೂರನೆಯ ಸಲ ಹುಳು ಬಿದ್ದರೆ ಗಂಟು ಬರಿದಾಗಿರುತ್ತದೆ. ಹೀಗಾಗಿ ಸಸಿಗೆ ಅಪಾಯ ತರುವುದು ಹುಳು ಬಂತೆಂಬುದಲ್ಲ. ಅದು ಎಷ್ಟು ಸಲ ಬಂತು, ಯಾವ ತಿಂಗಳಲ್ಲಿ ಬಂತು, ಬಂದಾಗ ಸಸಿಗೆ ಎಷ್ಟು ವಯಸ್ಸಾಗಿತ್ತು ಎಂಬುದು. ಮೊದಲ ವರ್ಷದ ಸಸಿಗೂ ಮೂರನೆಯ ವರ್ಷದ ಸಸಿಗೂ ಅಜಗಜಾಂತರವಿದೆ.

ಒಣಕಾಡಿನ ಮರಗಳಿಗೆ ಇನ್ನೊಂದು ಗುಣವೂ ಇದೆ. ಹೊನ್ನೆಯಂಥ ಮರಗಳ ಸಸಿಗಳು ಮೊದಲ ಕೆಲವು ವರ್ಷ ಬೇಸಿಗೆಯಲ್ಲಿ ನೆಲದ ಮೇಲಿನ ಕಡ್ಡಿಯನ್ನು ಒಣಗಲು ಬಿಟ್ಟು, ಮಳೆ ಬಂದಾಗ ಬುಡದಿಂದ ಮತ್ತೆ ಚಿಗುರುತ್ತವೆ. ಆ ವರ್ಷಗಳಲ್ಲಿ ದಪ್ಪವಾಗುವುದು ಬೇರು. ಮೇಲಿನಿಂದ ನೋಡುವ ಕಣ್ಣಿಗೆ ಸಸಿ ಪ್ರತಿವರ್ಷ ಸತ್ತಂತೆ ಕಾಣುತ್ತದೆ. ಒಳಗೆ ಅದು ಬೇರು ಗಟ್ಟಿಮಾಡಿಕೊಳ್ಳುತ್ತಿರುತ್ತದೆ. ಬರಿದಾದ ಕಡ್ಡಿಯನ್ನು ಕೀಳುವ ಮುನ್ನ ಉಗುರಿನಿಂದ ತೊಗಟೆಯನ್ನು ಸ್ವಲ್ಪ ಕೆರೆದು ನೋಡಬೇಕು. ಒಳಗೆ ಹಸಿರಿದ್ದರೆ ಜೀವವಿದೆ. ತುದಿ ಒಣಗಿದ್ದರೂ ಬುಡದಲ್ಲಿ ಹಸಿರಿರಬಹುದು, ಅಲ್ಲಿಯೂ ಕೆರೆದು ನೋಡಬೇಕು.

ಯುಗಾದಿಯ ಸುಮಾರಿಗೆ, ನೆಲ ಬಿರಿದು ಬಾವಿ ಬತ್ತುವ ಹೊತ್ತಿನಲ್ಲಿ ಮರಗಳು ಚಿಗುರುವುದನ್ನು ಎಲ್ಲರೂ ಕಂಡಿದ್ದಾರೆ, ಕವಿಗಳು ಹಾಡಿದ್ದಾರೆ. ಮಳೆಗೆ ಕಾಯದೆ ಬಿಸಿಲಿನಲ್ಲೇ ಚಿಗುರುವುದೇಕೆ? ಬಂಡೀಪುರಕ್ಕೆ ಹೊಂದಿಕೊಂಡಿರುವ ಮುದುಮಲೆಯ ಎಲೆಯುದುರುವ ಕಾಡಿನಲ್ಲಿ ಕೆ.ಎಸ್. ಮುರಳಿ ಮತ್ತು ಆರ್. ಸುಕುಮಾರ್ ಎಂಬ ವಿಜ್ಞಾನಿಗಳು ಈ ಪ್ರಶ್ನೆಯನ್ನು ಅಧ್ಯಯನ ಮಾಡಿ 1993ರಲ್ಲಿ ಪ್ರಕಟಿಸಿದರು. ಅಲ್ಲಿ ಕೀಟಗಳ ಸಂಖ್ಯೆ ಏರುವುದು ಮಳೆ ಬಿದ್ದ ಮೇಲೆ. ಮಳೆಗೆ ಮೊದಲೇ ಚಿಗುರಿದ ಎಲೆಗಳಿಗೆ ಕೀಟಬಾಧೆ ಕಡಿಮೆ, ಮಳೆಯ ಜೊತೆಗೆ ಚಿಗುರಿದ ಎಲೆಗಳಿಗೆ ಹೆಚ್ಚು. ಹುಳುವಿಗೆ ಬೇಕಾದುದು ಎಳೆಯ, ಮೆತ್ತನೆಯ, ನೀರೂಡಿದ ಎಲೆ. ಎಲೆಯೊಂದಕ್ಕೆ ಅದರ ಆಯುಷ್ಯದಲ್ಲಿ ಆಗುವ ಹಾನಿಯ ಬಹುಪಾಲು ಅದು ಬಲಿಯುವ ಮುನ್ನವೇ ಆಗಿಹೋಗುತ್ತದೆಂದು ಬೇರೆ ಬೇರೆ ದೇಶಗಳ ಉಷ್ಣವಲಯದ ಕಾಡುಗಳ ಅಧ್ಯಯನಗಳೂ ತೋರಿಸಿವೆ. ಕೀಟ ಎಚ್ಚರಗೊಳ್ಳುವಷ್ಟರಲ್ಲಿ ಎಲೆಯನ್ನು ಬಲಿಸಿ ಗಡುಸಾಗಿಸಿಕೊಳ್ಳುವುದು ಮರದ ಜಾಣ್ಮೆ.

ಈ ಜಾಣ್ಮೆ ದೊಡ್ಡ ಮರಕ್ಕೆ ಸಾಧ್ಯ, ಏಕೆಂದರೆ ಅದರ ಬೇರು ಆಳದ ತೇವವನ್ನು ಮುಟ್ಟಿರುತ್ತದೆ. ಸಸಿಯ ಬೇರು ಗೇಣುದ್ದದ್ದು. ವರ್ಷಕ್ಕೆ 600 ಮಿಲಿಮೀಟರಿನ ಆಸುಪಾಸು ಮಳೆ ಕಾಣುವ ಗದಗ ಜಿಲ್ಲೆಯ ಮಣ್ಣಿನಲ್ಲಿ ಚೈತ್ರದ ಸಸಿ ಚಿಗುರಲು ನೀರೆಲ್ಲಿಂದ ತರಬೇಕು? ಅದು ಮಳೆಗಾಗಿ ಕಾಯಲೇಬೇಕು. ಮಳೆ ಬಂದು ಅದು ಚಿಗುರುವಾಗ ಹುಳುಗಳ ಸಂತೆ ನೆರೆದಿರುತ್ತದೆ. ಮೇಲಿನ ದೊಡ್ಡ ಮರಗಳ ಎಲೆ ಆಗಲೇ ಗಡುಸಾಗಿರುವುದರಿಂದ ಎಳೆಯೆಲೆ ಬೇಕಾದ ಹುಳುವಿಗೆ ಸಿಗುವುದು ಸಸಿಯೇ. ಇದರ ಮೇಲೆ ಮನುಷ್ಯರ ಪಂಚಾಂಗವೂ ಸೇರಿಕೊಂಡಿದೆ. ಜೂನ್ 5ರ ಪರಿಸರ ದಿನ, ಜುಲೈ ಮೊದಲ ವಾರದ ವನಮಹೋತ್ಸವ ಎಂದು ಸಸ್ಯಪಾಲನಾ ಕ್ಷೇತ್ರದ ನೆರಳಿನಲ್ಲಿ, ದಿನವೂ ನೀರುಂಡು ಬೆಳೆದ ಅತಿ ಕೋಮಲವಾದ ಸಸಿಗಳನ್ನು ತಂದು ವರ್ಷದಲ್ಲೇ ಅತಿ ಹೆಚ್ಚು ಕೀಟವಿರುವ ವಾರಗಳಲ್ಲಿ ಬಯಲಿಗೆ ನಿಲ್ಲಿಸಲಾಗುತ್ತದೆ. ಮಳೆಯಿಲ್ಲದೆ ನೆಡಲಾಗದು ಎಂಬುದು ನಿಜ. ಆದರೆ ನೆಡುವುದಕ್ಕೆ ಒಂದು ತಿಂಗಳ ಮೊದಲೇ ಸಸಿಯನ್ನು ನೆರಳಿನಿಂದ ಬಿಸಿಲಿಗೆ ಸರಿಸಿ, ನೀರು ಕಡಿಮೆಮಾಡಿ, ಎಲೆ ಬಲಿಯಗೊಟ್ಟು ತರುವುದಕ್ಕೆ ಯಾರ ಅಡ್ಡಿಯೂ ಇಲ್ಲ.

ಎಲೆ ತಿನ್ನುವ ಹುಳುವಿನಿಂದ ಎಳೆಯ ಮರಕ್ಕೆ ಆಗುವ ನಷ್ಟವನ್ನು ಕಣ್ಣಂದಾಜಿನಲ್ಲಿ ಹೇಳದೆ ಅಳತೆ ಮಾಡಿ ತೋರಿಸಿದ ಕೆಲಸವೆಂದರೆ ಕೇರಳದ ನಿಲಂಬೂರಿನದು. ಬ್ರಿಟಿಷರು 1840ರ ದಶಕದಲ್ಲಿ ತೇಗದ ನೆಡುತೋಪು ಆರಂಭಿಸಿದ ಊರು ಅದು. ಹಿಬ್ಲಿಯಾ ಪ್ಯೂರಾ ಎಂಬ ಪತಂಗದ ಮರಿಗಳು ಮುಂಗಾರುಪೂರ್ವದ ಮಳೆಯ ಬೆನ್ನಿಗೆ ತೇಗದ ತೋಪುಗಳ ಮೇಲೆ ದಂಡಾಗಿ ಬಿದ್ದು, ಎರಡು ವಾರಗಳೊಳಗೆ ಎಲೆಯ ನಾರನ್ನಷ್ಟೇ ಉಳಿಸಿ ಮುಗಿಸುತ್ತವೆ. ಹುಳು ಹೆಚ್ಚಾದ ದಿನ ತೋಪಿನೊಳಗೆ ನಿಂತರೆ ಹಿಕ್ಕೆ ಉದುರುವ ಸದ್ದು ಜಿನುಗುಮಳೆಯಂತೆ ಕೇಳಿಸುತ್ತದೆ. ಕೇರಳ ಅರಣ್ಯ ಸಂಶೋಧನಾ ಸಂಸ್ಥೆಯ ಕೆ.ಎಸ್.ಎಸ್. ನಾಯರ್ ಮತ್ತು ಸಂಗಡಿಗರು ನಾಲ್ಕು ವರ್ಷದ ತೇಗದ ತೋಪೊಂದನ್ನು ಆರಿಸಿಕೊಂಡು, ಕೆಲವು ಭಾಗಗಳನ್ನು ಹುಳುವಿನಿಂದ ಕಾಪಾಡಿ, ಕೆಲವನ್ನು ಹುಳುವಿಗೆ ಬಿಟ್ಟು ಐದು ವರ್ಷ ಅಳೆದರು. ಕಾಪಾಡಿದ ಮರಗಳು ಹೆಕ್ಟೇರಿಗೆ ವರ್ಷಕ್ಕೆ 6.7 ಘನಮೀಟರು ಬೆಳೆದವು, ಹುಳುವಿಗೆ ಬಿಟ್ಟವು 3.7 ಘನಮೀಟರು. ಎಂದರೆ ಬೆಳೆಯಬಹುದಾಗಿದ್ದ ಮರದಲ್ಲಿ ಶೇಕಡಾ 44ರಷ್ಟು ಹುಳುವಿನ ಪಾಲಾಯಿತು.

ಅಂಕಿ ದೊಡ್ಡದೇ. ಆದರೆ ಅದೇ ಅಧ್ಯಯನದ ಇನ್ನೆರಡು ಸಂಗತಿಗಳನ್ನು ಈ ಅಂಕಿಯ ಜೊತೆಗೇ ಹೇಳದಿದ್ದರೆ ಸತ್ಯ ಅರ್ಧವಾಗುತ್ತದೆ. ಹುಳುವಿಗೆ ಬಿಟ್ಟ ಮರಗಳು ಸಾಯಲಿಲ್ಲ, ನಿಧಾನವಾಗಿ ಬೆಳೆದವು. ಎರಡನೆಯದು, ತೇಗದ ಎಲೆಯನ್ನು ಜಾಲರಿಯಂತೆ ಮಾಡುವ ಇನ್ನೊಂದು ಹುಳುವಿದೆ. ಮಳೆಗಾಲ ಮುಗಿದ ಮೇಲೆ ಅದು ಮಾಡುವ ಹಾಳು ದೂರದಿಂದಲೇ ಎದ್ದು ಕಾಣುತ್ತದೆ, ಗುಡ್ಡಕ್ಕೆ ಗುಡ್ಡವೇ ಸುಟ್ಟಂತೆ ತೋರುತ್ತದೆ. ಅದರಿಂದ ಮರದ ಬೆಳವಣಿಗೆಗೆ ಹೇಳಿಕೊಳ್ಳುವಂಥ ನಷ್ಟವೇ ಆಗಲಿಲ್ಲ, ಏಕೆಂದರೆ ಅದು ತಿನ್ನುವುದು ವರ್ಷದ ದುಡಿಮೆ ಮುಗಿಸಿ ಉದುರಲು ಸಿದ್ಧವಾದ ಎಲೆಯನ್ನು. ಹಿಂಗಾರಿನಲ್ಲಿ ತೇಗದ ಎಲೆ ಜಾಲರಿಯಾದುದನ್ನು ಕಂಡು ಔಷಧದ ಅಂಗಡಿಗೆ ಓಡುವವರು ಖರ್ಚು ಮಾಡುವುದು ಮರಕ್ಕೆ ಬೇಡವಾದ ಎಲೆಗಾಗಿ.

ತೇಗದ ಹುಳುವಿನ ಮಾತು ಬಂದೊಡನೆ ಏಕಜಾತಿ ನೆಡುತೋಪಿನ ಮಾತೂ ಬರಬೇಕು. ಹಳೆಯ ಧಾರವಾಡ ಜಿಲ್ಲೆಯ ಕುಸನೂರಿನಲ್ಲಿ 1987ರ ನವೆಂಬರ್ 14ರಂದು ಗ್ರಾಮಸ್ಥರು ನೀಲಗಿರಿ ಸಸಿಗಳನ್ನು ಕಿತ್ತು ಊರಿಗೆ ಬೇಕಾದ ಗಿಡಗಳನ್ನು ನೆಟ್ಟ ‘ಕಿತ್ತಿಕೋ-ಹಚ್ಚಿಕೋ’ ಸತ್ಯಾಗ್ರಹವನ್ನು ಈ ಭಾಗದ ಹಿರಿಯರು ಮರೆತಿಲ್ಲ. ಅಂದು ಪ್ರಶ್ನೆ ಇದ್ದದ್ದು ಊರ ಗೋಮಾಳ ಯಾರದೆಂಬುದು. ಕೀಟಶಾಸ್ತ್ರ ತನ್ನ ಪಾಲಿನ ಸಾಕ್ಷ್ಯವನ್ನು ಆಮೇಲೆ ನುಡಿಯಿತು. 2000ದ ದಶಕದಲ್ಲಿ ಆಸ್ಟ್ರೇಲಿಯಾ ಮೂಲದ ಗಂಟುಕಣಜವೊಂದು ಕರ್ನಾಟಕಕ್ಕೆ ಬಂದು ಎಳೆಯ ನೀಲಗಿರಿಯ ಎಲೆದಂಟುಗಳಲ್ಲಿ ಗಂಟು ಕಟ್ಟಿಸಿ ತೋಪುಗಳನ್ನೇ ಮುರುಟಿಸಿತು. ಒಂದೇ ಜಾತಿ, ಒಂದೇ ವಯಸ್ಸು, ಕೆಲವೊಮ್ಮೆ ಒಂದೇ ತಾಯಿಯ ತುಂಡುಗಳು. ಒಂದು ಗಿಡದ ಬಾಗಿಲು ತೆರೆದ ಕೀಟಕ್ಕೆ ಎಲ್ಲ ಬಾಗಿಲುಗಳೂ ತೆರೆದವು.

ಆದಾಗ್ಯೂ ಏಕಜಾತಿ ತೋಪೇ ಎಲ್ಲ ಕೀಟಬಾಧೆಗೂ ಮೂಲವೆಂದು ಘೋಷಣೆ ಕೂಗುವುದು ವಸ್ತುಸ್ಥಿತಿಗೆ ಒಪ್ಪುವ ಮಾತಲ್ಲ. ತೇಗದ ಹುಳು ಸಹಜ ಕಾಡಿನ ತೇಗದ ಮೇಲೂ ಬೀಳುತ್ತದೆ. 1990ರ ದಶಕದ ಕೊನೆಯಲ್ಲಿ ಮಧ್ಯಪ್ರದೇಶದಲ್ಲಿ ಕಾಂಡಕೊರಕಕ್ಕೆ ಬಲಿಯಾದ ಸಾಲ್ ಮರಗಳು ಯಾರೂ ಸಾಲಾಗಿ ನೆಟ್ಟವಲ್ಲ. ಮಿಶ್ರಕಾಡು ಕೀಟವನ್ನು ತಡೆಯುವ ಗೋಡೆಯಲ್ಲ. ಅದು ಕೀಟಕ್ಕೆ ಹುಡುಕುವ ಶ್ರಮ ಕೊಡುತ್ತದೆ, ಹುಡುಕುವ ದಾರಿಯಲ್ಲಿ ಶತ್ರುಗಳನ್ನು ಇಡುತ್ತದೆ, ಒಂದು ಜಾತಿ ಬರಿದಾದ ವರ್ಷ ಇನ್ನೊಂದನ್ನು ಹಸಿರಾಗಿ ಉಳಿಸುತ್ತದೆ. ಇಷ್ಟನ್ನು ಹೇಳಿದರೆ ಸಾಕು. ಇದಕ್ಕಿಂತ ಹೆಚ್ಚು ಹೇಳಿದರೆ ಚಳವಳಿಯ ಮಾತಿಗೆ ಬೆಲೆ ಕಡಿಮೆಯಾಗುತ್ತದೆ.

ಇನ್ನು ಕಾಡು ಮಿಶ್ರವಾಗಿರುವುದಕ್ಕೆ ಕೀಟಗಳೇ ಒಂದು ಕಾರಣವೆಂಬ ವಿಚಾರವಿದೆ. ಅಮೆರಿಕದ ಡೇನಿಯಲ್ ಜಾನ್ಸೆನ್ 1970ರಲ್ಲೂ ಜೋಸೆಫ್ ಕಾನೆಲ್ 1971ರಲ್ಲೂ ಬೇರೆಬೇರೆಯಾಗಿ ಇದನ್ನು ಮಂಡಿಸಿದರು. ತಾಯಿಮರದ ಬುಡದಲ್ಲಿ ಬೀಜ ರಾಶಿಯಾಗಿ ಬೀಳುತ್ತದೆ, ಸಸಿಗಳು ಒತ್ತೊತ್ತಾಗಿ ಏಳುತ್ತವೆ. ಆ ಜಾತಿಯನ್ನೇ ತಿನ್ನುವ ಹುಳುವೂ ರೋಗವೂ ತಾಯಿಮರದಲ್ಲಿ ಮನೆ ಮಾಡಿಕೊಂಡಿರುವುದರಿಂದ ಬುಡದ ಸಸಿಗಳು ಮೊದಲು ಬಲಿಯಾಗುತ್ತವೆ. ಹಕ್ಕಿಯೋ ನರಿಯೋ ದೂರ ಒಯ್ದು ಉದುರಿಸಿದ ಬೀಜದ ಸಸಿ ಹುಳುವಿನ ಕಣ್ಣಿಗೆ ಬೀಳದೆ ಬದುಕುತ್ತದೆ. ತಾಯಿಯ ಬುಡ ಬೇರೆ ಜಾತಿಯ ಸಸಿಗೆ ತೆರವಾಗುತ್ತದೆ. ಎಲ್ಲ ಕಾಡಿನಲ್ಲೂ ಎಲ್ಲ ಮರಕ್ಕೂ ಇದು ಸಮನಾಗಿ ಅನ್ವಯಿಸುವುದಿಲ್ಲ, ವಿದ್ವಾಂಸರ ಚರ್ಚೆ ಇನ್ನೂ ನಡೆದಿದೆ. ಆದರೂ ಸಸಿ ನೆಡುವವರಿಗೆ ಇದರಲ್ಲೊಂದು ಸರಳ ಸೂಚನೆಯಿದೆ. ಕಕ್ಕೆಯ ಸಸಿಯನ್ನು ದೊಡ್ಡ ಕಕ್ಕೆ ಮರದ ಬಳಿ, ಬಿಲ್ವದ ಸಸಿಯನ್ನು ಲಿಂಬೆಯ ತೋಟದ ಅಂಚಿನಲ್ಲಿ ನೆಡಬಾರದು. ಕಕ್ಕೆಯ ಎಲೆ ತಿನ್ನುವ ಹಳದಿ ಚಿಟ್ಟೆಯ ಮರಿಗಳು ಮೊದಲಿನಿಂದ ಎರಡನೆಯದಕ್ಕೆ ಬರಲು ತಡವಾಗದು. ಲಿಂಬೆಯ ಚಿಟ್ಟೆಗೆ ಬಿಲ್ವವೂ ಒಗ್ಗುತ್ತದೆ. ಬೆಂಕಿಕಡ್ಡಿಯ ಕಟ್ಟಿಗೆಗೆಂದು ಬೆಳೆಸುವ ಐಲಾಂತಸ್, ಪೀಠೋಪಕರಣಕ್ಕೆಂದು ಬೆಳೆಸುವ ಶಿವನೆ ಇವೆರಡಕ್ಕೂ ತಮ್ಮದೇ ಆದ ಎಲೆತಿನಿಗಳಿವೆ. ಒತ್ತಾಗಿ ನೆಟ್ಟಲ್ಲಿ ಅವು ವರ್ಷವೂ ಬರುತ್ತವೆ.

ಹುಳುವನ್ನು ಸಸಿಯ ಶತ್ರುವೆಂದಷ್ಟೇ ಕಾಣುವ ಕಣ್ಣಿಗೆ ಗುಡ್ಡದ ಉಳಿದ ಸಂಸಾರ ಕಾಣುವುದಿಲ್ಲ. ಮಳೆನೀರನ್ನಲ್ಲದೆ ಬೇರೆಯದನ್ನು ಕುಡಿಯದೆಂದು ಕಾವ್ಯಗಳು ಹೊಗಳಿದ ಚಾತಕಪಕ್ಷಿ ಮುಂಗಾರಿನ ಜೊತೆ ಬರುವುದು ನೀರಿಗಾಗಿ ಮಾತ್ರವಲ್ಲ. ಬೇರೆ ಹಕ್ಕಿಗಳು ಮುಟ್ಟಲು ಹೆದರುವ ಕಂಬಳಿಹುಳು ಅದರ ಮೃಷ್ಟಾನ್ನ. ಕಾಳು ತಿನ್ನುವ ಗೀಜಗವೂ ತನ್ನ ಮರಿಗಳಿಗೆ ಗುಟುಕು ಕೊಡುವುದು ಹುಳುಹುಪ್ಪಡಿಯನ್ನೇ. ಜೋಳದ ಹೊಲಕ್ಕೆ ಹುಳು ಬಿದ್ದಾಗ ರಕ್ಷಣೆಗೆ ಬರುವ ಹಕ್ಕಿಗಳು, ಪರಾವಲಂಬಿ ಕಣಜಗಳು ಉಳಿದ ತಿಂಗಳುಗಳಲ್ಲಿ ಬದುಕುವುದು ಗುಡ್ಡದ ತಂಗಡಿ, ಬಂದರಿಕೆ, ಬೋರೆಯ ಪೊದೆಗಳ ಹುಳುಗಳ ಮೇಲೆ. ಸಸಿ ನೆಡುವ ಮೊದಲು ಈ ಪೊದೆಗಳನ್ನು ಕಡಿದು ಸ್ವಚ್ಛಮಾಡುವ ಪದ್ಧತಿ ಏಕೆ ಬಂತೋ ತಿಳಿಯದು. ಪೊದೆಯ ಮರೆಯಲ್ಲಿರುವ ಸಸಿ ಹುಳುವಿಗೂ ಕಾಣದು, ಆಡಿಗೂ ಕಾಣದು.

ಇನ್ನು ಎಣ್ಣೆ ಹೊಡೆಯುವ ವಿಚಾರ. ಕಾಸರಗೋಡಿನ ಎಣ್ಮಕಜೆ, ಪಡ್ರೆ ಸೀಮೆಯ ಕನ್ನಡ ಊರುಗಳ ಹೆಸರನ್ನು ಹೇಳಿದರೆ ಸಾಕು. ಅಲ್ಲಿನ ಗುಡ್ಡಗಳ ಮೇಲಿನ ಗೇರುತೋಪುಗಳ ಚಿಗುರನ್ನು ಹೀರುವ ಸೊಳ್ಳೆತಿಗಣೆಯನ್ನು ಕೊಲ್ಲಲೆಂದು 2000ನೆಯ ಇಸವಿಯವರೆಗೆ ಎರಡು ದಶಕಗಳಿಗೂ ಹೆಚ್ಚು ಕಾಲ ಹೆಲಿಕಾಪ್ಟರಿನಿಂದ ಎಂಡೋಸಲ್ಫಾನ್ ಸುರಿಯಲಾಯಿತು. ದಕ್ಷಿಣ ಕನ್ನಡದ ಗೇರುತೋಪುಗಳಲ್ಲೂ ಅದೇ ನಡೆಯಿತು. ಗುಡ್ಡದ ನೆತ್ತಿಗೆ ಬಿದ್ದದ್ದು ತೊರೆಗೆ, ಸುರಂಗದ ಬಾವಿಗೆ, ತಾಯ ಹಾಲಿಗೆ ಇಳಿಯಿತು. ಹುಟ್ಟಿನಿಂದಲೇ ನರಳುವ ಮಕ್ಕಳನ್ನು ಅಲ್ಲಿನ ವೈದ್ಯರೂ ಪತ್ರಕರ್ತರೂ ಜಗತ್ತಿಗೆ ತೋರಿಸಿದರು. ಸುಪ್ರೀಂ ಕೋರ್ಟು ದೇಶದಾದ್ಯಂತ ಆ ವಿಷವನ್ನು ತಡೆದದ್ದು 2011ರ ಮೇ ತಿಂಗಳಲ್ಲಿ. ಕಪ್ಪತಗುಡ್ಡವೂ ಗುಡ್ಡವೇ. ಅದರ ಮೈಮೇಲಿನ ನೀರು ಇಳಿದು ಹೋಗುವುದು ಸುತ್ತಲಿನ ಊರುಗಳ ಕೆರೆಬಾವಿಗಳಿಗೆ. ಬೆನ್ನಿಗೆ ಕಟ್ಟಿಕೊಂಡ ಪಂಪು ಹೆಲಿಕಾಪ್ಟರಲ್ಲವೆಂಬ ವಾದ ಪ್ರಮಾಣದ ವಾದವೇ ಹೊರತು ತತ್ತ್ವದ್ದಲ್ಲ. ಅದಕ್ಕಿಂತ ಮುಖ್ಯವಾಗಿ, ಕಾಡಿನಲ್ಲಿ ಹೊಡೆದ ವಿಷಕ್ಕೆ ಹುಳುವಿಗಿಂತ ಮೊದಲು ಸಾಯುವುದು ಹುಳುವನ್ನು ತಿನ್ನುವ ಕಣಜ. ಹುಳು ಮರುವಾರ ಮತ್ತೆ ಬರುತ್ತದೆ. ಕಣಜ ಮರಳಲು ಬಹುಕಾಲ ಬೇಕು.

ಸಸ್ಯಪಾಲನಾ ಕ್ಷೇತ್ರದ ಮಾತು ಬೇರೆ. ಅಲ್ಲಿ ಸಾವಿರಾರು ಸಸಿ ಒಂದೆಡೆ ಇರುವುದರಿಂದ, ಅದು ಮನುಷ್ಯ ಮಾಡಿದ ಜಾಗವಾದುದರಿಂದ, ಅಲ್ಲಿ ಮನುಷ್ಯನ ಉಪಚಾರವೂ ನಡೆಯಬೇಕು. ಮೊಟ್ಟೆಯ ಗುಂಪು ಇರುವ ಎಲೆಯನ್ನು ಕಿತ್ತು ತೆಗೆಯುವುದು, ಮರಿಗಳನ್ನು ಕೈಯಿಂದ ಆರಿಸುವುದು, ಶೇಕಡಾ 5ರ ಬೇವಿನ ಬೀಜದ ಕಷಾಯವನ್ನು ಸಂಜೆಯ ಹೊತ್ತು ಸಿಂಪಡಿಸುವುದು ಇಷ್ಟರಿಂದಲೇ ಹೆಚ್ಚಿನ ಮರಿಹುಳುಗಳನ್ನು ಹತೋಟಿಯಲ್ಲಿಡಬಹುದು. ಐದು ಕಿಲೋ ಬೀಜದ ತಿರುಳನ್ನು ಕುಟ್ಟಿ, ರಾತ್ರಿಯಿಡೀ ನೆನೆಸಿ, ಸೋಸಿ, ನೂರು ಲೀಟರಿಗೆ ಏರಿಸಿದರೆ ಕಷಾಯ ಸಿದ್ಧ. ಸಸಿಯ ಚೀಲದಲ್ಲಿ ಗೊಣ್ಣೆ ಇರುವುದನ್ನು ನೋಡದೆ ಗುಡ್ಡಕ್ಕೆ ಒಯ್ದರೆ ಹುಳುವನ್ನೂ ನೆಟ್ಟಂತಾಯಿತು. ಮರಿಹುಳುಗಳಿಗೆ ರೋಗ ತರುವ ಬ್ಯಾಕ್ಟೀರಿಯಾದ ಪುಡಿ ಅಂಗಡಿಯಲ್ಲಿ ಸಿಗುತ್ತದೆ, ಮನುಷ್ಯರಿಗೆ ನಿರಪಾಯವೆಂಬುದೂ ಸರಿ. ಆದರೆ ರೇಷ್ಮೆಹುಳುವೂ ಮರಿಹುಳುವೇ ಎಂಬುದನ್ನು ರೇಷ್ಮೆ ಸಾಕುವ ಊರಿನವರು ಮರೆಯಬಾರದು. ತೇಗದ ಹುಳುವಿಗೆ ಸಹಜವಾಗಿ ತಗಲುವ ವೈರಸ್ಸೊಂದನ್ನು ಕೇರಳದ ಸಂಶೋಧಕರು 1980ರ ದಶಕದಲ್ಲಿ ಗುರುತಿಸಿದರು. ಅದು ಆ ಹುಳುವನ್ನಷ್ಟೇ ಕೊಲ್ಲುವುದರಿಂದ ದಾರಿ ಒಳ್ಳೆಯದು, ಆದರೆ ಅದು ತೇಗದ ತೋಪಿನವರ ದಾರಿ.

ಮತ್ತೆ ರೋಹಿಣಿ ಮಳೆಯ ದುಂಬಿಗೆ ಬರಬೇಕು. ಅದರ ವಿಷಯದಲ್ಲಿ ಸುಮ್ಮನೆ ಕೂಡುವಂತಿಲ್ಲ, ಏಕೆಂದರೆ ಅದು ಮೇಲೆ ಸಸಿಯ ಎಲೆಯನ್ನೂ ಕೆಳಗೆ ಸಸಿಯ ಮತ್ತು ಬೆಳೆಯ ಬೇರನ್ನೂ ತಿನ್ನುವ ಜೀವಿ. ವರ್ಷಕ್ಕೆ ಒಂದೇ ಪೀಳಿಗೆ. ಮೊದಲ ಹದ ಮಳೆ ಬಿದ್ದ ಕೆಲವು ಸಂಜೆಗಳಲ್ಲಿ ಅದು ಒಟ್ಟಾಗಿ ಮೇಲೆ ಬಂದೇ ತೀರಬೇಕು. ಆಗ ಬೇವು ಜಾಲಿಗಳ ಕೊಂಬೆಯನ್ನು ಗಳದಿಂದ ಅಲುಗಿಸಿ, ಉದುರಿದ ದುಂಬಿಗಳನ್ನು ಆರಿಸಿ, ಸೀಮೆಎಣ್ಣೆ ಬೆರೆಸಿದ ನೀರಿಗೆ ಹಾಕುವುದು ಹಳೆಯ, ಇಂದಿಗೂ ಸರಿಯಾದ ಉಪಾಯ. ಮಣ್ಣಿನಲ್ಲಿ ಗೊಣ್ಣೆಗೆ ರೋಗ ತರುವ ಮೆಟಾರೈಜಿಯಂ ಎಂಬ ಶಿಲೀಂಧ್ರವನ್ನು ಕೊಟ್ಟಿಗೆಗೊಬ್ಬರದಲ್ಲಿ ಬೆರೆಸಿ ಹಾಕುವುದನ್ನು ಕೃಷಿ ವಿಜ್ಞಾನಿಗಳು ಶಿಫಾರಸು ಮಾಡುತ್ತಾರೆ. ತೊಡಕು ಒಂದೇ. ಒಬ್ಬ ರೈತ ತನ್ನ ಬದುವಿನ ಮರವನ್ನು ಅಲುಗಿಸಿದರೆ ಪಕ್ಕದವನ ಮರದ ದುಂಬಿ ಇವನ ಹೊಲದಲ್ಲಿ ಮೊಟ್ಟೆಯಿಡುತ್ತದೆ. ಊರೆಲ್ಲ ಒಂದೇ ಸಂಜೆ ಇಳಿಯದಿದ್ದರೆ ಕೆಲಸ ವ್ಯರ್ಥ.

ಊರೆಲ್ಲ ಒಂದಾಗುವುದು ಕಣಗಿನಹಾಳಕ್ಕೆ ಹೊಸತಲ್ಲ. 1904ರಲ್ಲಿ ಸಹಕಾರ ಸಂಘಗಳ ಕಾಯಿದೆ ಬಂದ ಮರುವರ್ಷವೇ, 1905ರಲ್ಲಿ, ಸಿದ್ದನಗ���ಡ ಸಣ್ಣರಾಮನಗೌಡ ಪಾಟೀಲರ ಮುಂದಾಳುತನದಲ್ಲಿ ಈ ಹಳ್ಳಿ ಕೃಷಿ ಪತ್ತಿನ ಸಹಕಾರ ಸಂಘವನ್ನು ಕಟ್ಟಿ ದೇಶಕ್ಕೆ ದಾರಿ ತೋರಿತು. ಒಬ್ಬೊಬ್ಬನೇ ಸಾಹುಕಾರನ ಮುಂದೆ ನಿಂತಾಗ ಆಗದ ಕೆಲಸ ಎಲ್ಲರೂ ಸೇರಿದಾಗ ಆಯಿತು. ಕೀಟದ ಲೆಕ್ಕವೂ ಬಡ್ಡಿಯ ಲೆಕ್ಕದಂತೆಯೇ; ಒಬ್ಬ ತೀರಿಸದೆ ಬಿಟ್ಟದ್ದು ಮುಂದಿನ ವರ್ಷ ಎಲ್ಲರ ಮೇಲೆ ಬೆಳೆದು ಕೂಡುತ್ತದೆ. ಗೊಬ್ಬರ ಬೀಜ ಹಂಚುವ ಸಹಕಾರ ಸಂಘಗಳು ಮೊದಲ ಮಳೆಯ ಸಂಜೆ ಡಂಗುರ ಸಾರಿಸಿ ದುಂಬಿ ಆರಿಸುವ ಕೆಲಸವನ್ನೂ ಕೈಗೆತ್ತಿಕೊಂಡರೆ, ಶೇಂಗಾ ಉಳಿಯುವುದರ ಜೊತೆಗೆ ಬದುವಿನ ಸಸಿಯೂ ಉಳಿಯುತ್ತದೆ. ಇದಕ್ಕೆ ಸರ್ಕಾರದ ಅನುದಾನ ಬೇಕಿಲ್ಲ. ಗಳ, ಲಾಟೀನು, ಹಳೆಯ ಕೊಡ ಸಾಕು.

ಹುಳುವಿನ ಮೇಲೆ ಇಷ್ಟೆಲ್ಲ ಬರೆದ ಮೇಲೆ ಪ್ರಮಾಣದ ಮಾತೊಂದು ಉಳಿಯುತ್ತದೆ. ಹುಳು ಎಲೆ ತಿಂದು ಕಾಂಡವನ್ನೂ ಮೊಗ್ಗನ್ನೂ ಸಾಮಾನ್ಯವಾಗಿ ಉಳಿಸುತ್ತದೆ. ಆಡು ತುದಿಯನ್ನೇ ಕಡಿಯುತ್ತದೆ, ತೊಗಟೆಯನ್ನೂ ಸುಲಿಯುತ್ತದೆ. ಬೆಂಕಿ ಏನನ್ನೂ ಉಳಿಸುವುದಿಲ್ಲ. ಬೇಸಿಗೆಯಲ್ಲಿ ಕಪ್ಪತಗುಡ್ಡದ ಬಾದೆಹುಲ್ಲಿಗೆ ಬೀಳುವ ಕಿಡಿ ಒಂದು ಮಧ್ಯಾಹ್ನದಲ್ಲಿ ಕೊಲ್ಲುವಷ್ಟು ಸಸಿಗಳನ್ನು ಹುಳುಗಳು ಹಲವು ಮಳೆಗಾಲಗಳಲ್ಲೂ ಕೊಲ್ಲಲಾರವು. ಹುಲ್ಲು ಸುಟ್ಟರೆ ಹುಳು ಸಾಯುತ್ತದೆಂದು ಹೇಳುವವರಿದ್ದಾರೆ. ಗೊಣ್ಣೆಯ ದುಂಬಿ ಆ ತಿಂಗಳುಗಳಲ್ಲಿ ಮಣ್ಣಿನ ಆಳದಲ್ಲಿ ತಣ್ಣಗೆ ಮಲಗಿರುತ್ತದೆ. ಸುಡುವುದು ಸಸಿ ಮತ್ತು ಹಕ್ಕಿಯ ಗೂಡು. ಕುರಿಗಾರರನ್ನು ಗುಡ್ಡದ ವೈರಿಗಳೆಂದು ಬಿಂಬಿಸುವುದೂ ನ್ಯಾಯವಲ್ಲ. ಸಸಿ ಎದೆಯೆತ್ತರ ಬರುವವರೆಗೆ ಯಾವ ಕಣಿವೆ ಬಿಡಬೇಕು, ಯಾವುದರಲ್ಲಿ ಮೇಯಿಸಬಹುದು ಎಂಬುದನ್ನು ಅವರನ್ನು ಕೂಡಿಸಿಕೊಂಡೇ ಗ್ರಾಮಸಭೆ ನಿರ್ಧರಿಸಬೇಕು. ಹುಳುವಿನ ಮೇಲೆ ಹೊರಿಸಿದ ಎಷ್ಟೋ ಸಾವುಗಳು ಈ ನಿರ್ಧಾರ ಆಗದುದರ ಸಾವುಗಳು.

ಎಷ್ಟು ಸತ್ತವು, ಯಾವುದರಿಂದ ಸತ್ತವು ಎಂಬುದು ತಿಳಿಯಲು ಎಣಿಸಬೇಕು. ಶ್ರಾವಣದಲ್ಲಿ ಎಣಿಸಿದರೆ ಬರಿದಾದುದೆಲ್ಲ ಸತ್ತ ಲೆಕ್ಕಕ್ಕೆ ಸೇರುತ್ತದೆ, ಅದರ ಜಾಗದಲ್ಲಿ ಇನ್ನೊಂದು ಗುಂಡಿ, ಇನ್ನೊಂದು ಸಸಿ, ಇನ್ನೊಂದು ಬಿಲ್ಲು. ಗುಡ್ಡದ ಸುತ್ತಲಿನ ಪ್ರೌಢಶಾಲೆ, ಕಾಲೇಜುಗಳ ವಿದ್ಯಾರ್ಥಿಗಳು ಈ ಕೆಲಸವನ್ನು ಇಲಾಖೆಗಿಂತ ಚೆನ್ನಾಗಿ ಮಾಡಬಲ್ಲರು. ತಮ್ಮ ಊರಿನ ನೂರು ಸಸಿಗಳಿಗೆ ಸಂಖ್ಯೆ ಬರೆದ ತಗಡಿನ ಚೀಟಿ ಕಟ್ಟಿ, ಪ್ರತಿ ಸಸಿಯ ಎಲೆ ಕಾಲುಭಾಗ ಹೋಯಿತೇ, ಅರ್ಧ ಹೋಯಿತೇ, ಮುಕ್ಕಾಲು ಹೋಯಿತೇ, ಪೂರ್ತಿ ಹೋಯಿತೇ ಎಂದು ಹದಿನೈದು ದಿನಕ್ಕೊಮ್ಮೆ ನೋಟುಪುಸ್ತಕದಲ್ಲಿ ಬರೆದರೆ ಸಾಕು. ಪಕ್ಕದಲ್ಲಿ ಹುಳುವಿನ ಚಿತ್ರ ಬಿಡಿಸಬಹುದು. ಹೆಸರು ಗೊತ್ತಿಲ್ಲದಿದ್ದರೆ ಅದನ್ನು ಎಲೆಯೊಂದಿಗೆ ಗಾಜಿನ ಶೀಶೆಯಲ್ಲಿಟ್ಟು, ಅದು ಯಾವ ಚಿಟ್ಟೆಯಾಗುತ್ತದೆಂದು ನೋಡಬಹುದು. ಕೆಲವು ಶೀಶೆಗಳಿಂದ ಚಿಟ್ಟೆಯ ಬದಲು ಸಣ್ಣ ಕಣಜ ಹೊರಬರುತ್ತದೆ, ಅದನ್ನೂ ಬರೆದಿಡಬೇಕು. ಸಸಿಗಳ ಬದುಕುಳಿದ ಲೆಕ್ಕವನ್ನು ಮೊದಲ ಸಲ ದೀಪಾವಳಿಯಲ್ಲಿ, ಎರಡನೆಯ ಸಲ ಯುಗಾದಿಯಲ್ಲಿ, ಮೂರನೆಯ ಸಲ ಮರುವರ್ಷದ ಮಿರಗದ ಮಳೆ ಬಿದ್ದು ಹದಿನೈದು ದಿನವಾದ ಮೇಲೆ, ಬುಡದ ತೊಗಟೆ ಕೆರೆದು ನೋಡಿ, ಬರೆಯಬೇಕು.